ಸತು ಬೆರೆತ ಪೇಸ್ಟಿನ ಹದ ಕೆಡುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಬಾಯಿಯ ದುರ್ವಾಸನೆ ತಗ್ಗಿಸಲು, ಹಲ್ಲಿನ ಮೇಲೆ ಕಿಟ್ಟ ಕಟ್ಟುವುದನ್ನು ನಿಧಾನಗೊಳಿಸಲು ಟೂತ್‌ಪೇಸ್ಟಿಗೆ ಸತುವಿನ ಲವಣ ಸೇರಿಸುವುದು ಈಗ ಸಣ್ಣ ಘಟಕಗಳಿಗೂ ಬಂದಿದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಸಂಕಟ ಹೇಳುತ್ತವೆ: ಮಾಡಿದ ದಿನ ಚೆನ್ನಾಗಿದ್ದ ಪೇಸ್ಟು ಅಂಗಡಿ ಸೇರುವ ಹೊತ್ತಿಗೆ ಹದ ತಪ್ಪಿರುತ್ತದೆ.

ಪ್ರಶ್ನೆ: ಸಾರ್ಬಿಟಾಲ್ ಮತ್ತು ಸಿಲಿಕಾ ಆಧಾರದ ಪೇಸ್ಟು ನಮ್ಮದು. ಅಂಟಿಗೆ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಶೇ. 1.2 ಹಾಕುತ್ತೇವೆ. ಇತ್ತೀಚೆಗೆ ಜಿಂಕ್ ಸಿಟ್ರೇಟ್ ಶೇ. 2 ಸೇರಿಸಿದೆವು. ಮೂರು ತಿಂಗಳಾದ ಮೇಲೆ ಟ್ಯೂಬು ಒತ್ತಿದರೆ ಮೊದಲು ನೀರು, ಆಮೇಲೆ ಗಟ್ಟಿ ಮುದ್ದೆ ಬರುತ್ತಿದೆ. ಸತು ಇಲ್ಲದ ಹಳೆಯ ಪೇಸ್ಟಿಗೆ ಈ ತೊಂದರೆ ಇರಲಿಲ್ಲ. ನೀರು ಬಿಡದಂತೆ ಸಿಎಂಸಿ ಇನ್ನೂ ಹೆಚ್ಚಿಸಬೇಕೇ?
(ಸಣ್ಣ ಕೈಗಾರಿಕೆಯವರು, ತುಮಕೂರು)

ಉತ್ತರ: ಹೆಚ್ಚಿಸಬೇಡಿ, ಇಳಿಸಿ. ನೀರು ಬಿಟ್ಟ ಪೇಸ್ಟಿಗೆ ಅಂಟು ಸಾಲದೆಂದು ಯಾರಿಗಾದರೂ ಅನಿಸುತ್ತದೆ. ಸತು ಇರುವ ಕಡೆ ವಿಷಯ ತಿರುಗುಮುರುಗು.

ಸಿಎಂಸಿ ಎಂದರೆ ಉದ್ದನೆಯ ಎಳೆ. ಅದರುದ್ದಕ್ಕೂ ಋಣ ವಿದ್ಯುದಂಶದ ತುದಿಗಳಿದ್ದು, ಒಂದೊಂದಕ್ಕೂ ಒಂದು ಸೋಡಿಯಂ ಜೊತೆಗಿರುತ್ತದೆ. ಈ ತುದಿಗಳು ಒಂದನ್ನೊಂದು ದೂರ ತಳ್ಳುವುದರಿಂದ ಎಳೆ ಚಾಚಿಕೊಂಡು ನಡುವೆ ನೀರನ್ನು ಹಿಡಿದಿಡುತ್ತದೆ. ಪೇಸ್ಟಿನ ಹದ ನಿಂತಿರುವುದೇ ಇದರ ಮೇಲೆ. ಸೋಡಿಯಂಗೆ ಒಂದೇ ಕೈ, ಸತುವಿಗೆ ಎರಡು. ಕರಗಿದ ಸತು ಬಂದು ಸೋಡಿಯಂನ ಜಾಗದಲ್ಲಿ ಕೂತರೆ ಎರಡು ತುದಿಗಳನ್ನು ಒಟ್ಟಿಗೆ ಹಿಡಿಯುತ್ತದೆ. ಎಳೆ ಮುದುಡುತ್ತದೆ, ಪಕ್ಕದ ಎಳೆಯನ್ನೂ ಎಳೆದುಕೊಳ್ಳುತ್ತದೆ, ಹಿಡಿದಿದ್ದ ನೀರನ್ನು ಕೈಬಿಡುತ್ತದೆ. ಹಳೆಯ ಮೊಸರು ನೀರೊಡೆಯುವ ಹಾಗೆಯೇ ಇದು. ಗಟ್ಟಿ ಮುದ್ದೆಯೂ ಬೇರೆಯಾದ ನೀರೂ ಒಂದೇ ಕ್ರಿಯೆಯ ಎರಡು ಮುಖ. ಸಿಎಂಸಿ ಹೆಚ್ಚಿಸಿದರೆ ಸತುವಿಗೆ ಹಿಡಿಯಲು ಇನ್ನಷ್ಟು ತುದಿ ಒದಗಿಸಿದಂತಾಗುತ್ತದೆ.

ಮೂರು ತಿಂಗಳು ಹಿಡಿದದ್ದು ಏಕೆ ಎಂದರೆ, ಜಿಂಕ್ ಸಿಟ್ರೇಟ್ ಒಂದು ಲೀಟರ್ ನೀರಿಗೆ ಕೆಲವೇ ಗ್ರಾಂ ಕರಗುವ ವಸ್ತು. ನಿಮ್ಮ ಶೇ. 2ರಲ್ಲಿ ಬಹುಪಾಲು ಪುಡಿಯಾಗಿಯೇ ಉಳಿದಿದೆ. ಕರಗಿದ ಅಲ್ಪ ಸತು ಅಂಟಿಗೆ ಹೋದ ಕೂಡಲೇ ಪುಡಿಯಿಂದ ಮತ್ತಷ್ಟು ಕರಗಿ ಆ ಜಾಗ ತುಂಬುತ್ತದೆ. ಒರತೆಯ ನೀರು ಮೊಗೆದಷ್ಟೂ ಮತ್ತೆ ಜಿನುಗುವ ಹಾಗೆ. ಅದಕ್ಕೇ ಮೊದಲ ದಿನದ ಅಳತೆ ನೋಡಿ ಸಮಾಧಾನಪಡುವಂತಿಲ್ಲ.

ಆದರೂ ಸತುವಿನ ಮೇಲೆ ತಪ್ಪು ಹೊರಿಸುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ. ತುಂಬಿದ ಟ್ಯೂಬನ್ನು ತೂಗಿ, ತಿಂಗಳ ನಂತರ ಮತ್ತೆ ತೂಗಿ. ತೂಕ ಇಳಿದಿದ್ದರೆ ಮುಚ್ಚಳದಲ್ಲೋ ಹಿಂಬದಿಯ ಸೀಲಿನಲ್ಲೋ ನೀರು ಆವಿಯಾಗುತ್ತಿದೆ. ಹಾಗಿದ್ದಲ್ಲಿ ಬಾಯಿಯ ಬಳಿ ಮಾತ್ರ ಗಟ್ಟಿಯಾಗಿದ್ದು, ಟ್ಯೂಬಿನ ನಡುವೆ ಕತ್ತರಿಸಿ ನೋಡಿದರೆ ಪೇಸ್ಟು ಮೆತ್ತಗಿರುತ್ತದೆ. ಎರಡನೆಯದು, ದಪ್ಪಗೊಳಿಸುವ ಸಿಲಿಕಾ ತಾನಾಗಿಯೇ ಕೆಲವು ದಿನ ಬಿಗಿಯಾಗುತ್ತಾ ಹೋಗುತ್ತದೆ. ಮಿಕ್ಸರ್‌ನಲ್ಲಿ ಒಡೆದ ಸಿಲಿಕಾದ ಜಾಲ ಟ್ಯೂಬಿನಲ್ಲಿ ಮತ್ತೆ ಕಟ್ಟಿಕೊಳ್ಳುವುದು ಸಹಜ. ಆದ್ದರಿಂದ ಹೋಲಿಕೆಗೆ ಮೊದಲ ದಿನದ ಬದಲು 7ನೇ ದಿನದ ಸ್ನಿಗ್ಧತೆಯನ್ನು (ವಿಸ್ಕಾಸಿಟಿ, ಅಂದರೆ ಪೇಸ್ಟು ಎಷ್ಟು ಮಂದವಾಗಿದೆ ಎಂಬ ಅಳತೆ) ಆಧಾರವಾಗಿಟ್ಟುಕೊಳ್ಳಿ. ಅದರ ನಂತರವೂ ಏರುತ್ತಲೇ ಇದ್ದರೆ ಚಿಂತಿಸಬೇಕು.

ಖಚಿತಪಡಿಸಿಕೊಳ್ಳಲು ಅರ್ಧರ್ಧ ಕೆ.ಜಿ.ಯ ಮೂರು ಮಾದರಿ ಮಾಡಿ: ಒಂದರಲ್ಲಿ ಸತು ಬೇಡ, ಇನ್ನೊಂದು ಈಗಿನ ಸೂತ್ರ, ಮೂರನೆಯದರಲ್ಲಿ ಸತು ಇದ್ದು ಸಿಎಂಸಿ ಬದಲು ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್. ಈ ಕೊನೆಯ ಅಂಟಿಗೆ ವಿದ್ಯುದಂಶವಿಲ್ಲ, ಸತುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಮೂರನ್ನೂ ಟ್ಯೂಬಿನಲ್ಲಿ ತುಂಬಿ 45 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 1, 3, 7, 14, 28ನೇ ದಿನ ವಿಸ್ಕೋಮೀಟರಿನಲ್ಲಿ ಸ್ನಿಗ್ಧತೆ ಅಳೆಯಿರಿ. ಪ್ರತಿ ಸಲವೂ ಮಾದರಿಯನ್ನು 25 ಡಿಗ್ರಿಗೆ ತಂದು, ಒಂದೇ ಸ್ಪಿಂಡಲ್ (ಪೇಸ್ಟಿನೊಳಗೆ ತಿರುಗುವ ಕಡ್ಡಿ), ಒಂದೇ ವೇಗದಲ್ಲಿ ಅಳೆಯಬೇಕು. ಪೇಸ್ಟಿಗೆ ಟಿ ಆಕಾರದ ಸ್ಪಿಂಡಲ್ಲು, ಅದನ್ನು ಮೆಲ್ಲನೆ ಕೆಳಗಿಳಿಸುವ ಸ್ಟ್ಯಾಂಡು ಬೇಕು. ಮಾಮೂಲಿ ಸ್ಪಿಂಡಲ್ಲು ಪೇಸ್ಟಿನಲ್ಲಿ ಗುಂಡಿ ಕೊರೆದು ಅಲ್ಲೇ ಸುತ್ತುತ್ತಾ ಸುಳ್ಳು ಅಂಕಿ ತೋರಿಸುತ್ತದೆ. ಎರಡನೆಯದು ಮಾತ್ರ ಗಟ್ಟಿಯಾಗಿ ನೀರು ಬಿಟ್ಟರೆ ಸಿಎಂಸಿ ಮತ್ತು ಸತುವಿನ ಜಗಳ ಎಂದು ತಿಳಿಯಿರಿ. ಎರಡನೆಯದು, ಮೂರನೆಯದು ಎರಡೂ ಗಟ್ಟಿಯಾಗಿ ಸತು ಇಲ್ಲದ್ದು ಸರಿಯಿದ್ದರೆ ಸಿಲಿಕಾ ಮತ್ತು ಪಿಎಚ್ ಕಡೆ ನೋಡಿ. ಮೂರೂ ಗಟ್ಟಿಯಾದರೆ ಸತುವಿನ ತಪ್ಪೇ ಇಲ್ಲ.

ಪರಿಹಾರ ಹೀಗೆ. ಸಿಎಂಸಿಯನ್ನು ಶೇ. 0.6ಕ್ಕೆ ಇಳಿಸಿ, ಶೇ. 0.4 ಕ್ಸಾಂಥನ್ ಗಮ್ ಸೇರಿಸಿ. ಕ್ಸಾಂಥನ್‌ಗೂ ಋಣ ತುದಿಗಳಿವೆ, ಆದರೆ ಅದರ ಎಳೆ ಬಿರುಸು, ಲವಣಕ್ಕೆ ಸುಲಭವಾಗಿ ಮುದುಡುವುದಿಲ್ಲ. ಸಿಎಂಸಿ ಕೊಳ್ಳುವಾಗ ಸರಬರಾಜುದಾರರ ಪರೀಕ್ಷಾ ಪತ್ರದಲ್ಲಿ ‘ಡಿ.ಎಸ್.’ (ಡಿಗ್ರಿ ಆಫ್ ಸಬ್‌ಸ್ಟಿಟ್ಯೂಷನ್, ಎಳೆಗೆ ಎಷ್ಟು ಋಣ ತುದಿ ಜೋಡಿಸಿದೆ ಎಂಬುದರ ಅಳತೆ) ಎಂಬ ಅಂಕಿ ನೋಡಿ. 0.7ರ ಮಾಲಿಗಿಂತ 0.9 ಅಥವಾ ಮೇಲಿನದು ಲವಣವನ್ನು ಚೆನ್ನಾಗಿ ತಾಳುತ್ತದೆ. ಬೆಲೆ ಸ್ವಲ್ಪ ಹೆಚ್ಚು, ಆದರೆ ವಾಪಸು ಬರುವ ಪೆಟ್ಟಿಗೆಗಳ ನಷ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಜಿಂಕ್ ಸಿಟ್ರೇಟನ್ನು ಶೇ. 1ಕ್ಕೆ ತನ್ನಿ. ಟ್ರೈಸೋಡಿಯಂ ಸಿಟ್ರೇಟ್ ಶೇ. 0.5 ಸೇರಿಸಿ. ಸಿಟ್ರೇಟ್ ಸತುವನ್ನು ಸಡಿಲವಾಗಿ ಹಿಡಿದುಕೊಂಡು ಅಂಟಿನ ಕಡೆ ಹೋಗದಂತೆ ತಡೆಯುತ್ತದೆ, ನಾಲಿಗೆಗೆ ತಾಗುವ ಒಗರನ್ನೂ ತಗ್ಗಿಸುತ್ತದೆ. ಇದನ್ನು ಶೇ. 1ರ ಮೇಲೆ ಒಯ್ಯಬೇಡಿ. ಸತು ಪೂರ್ತಿ ಕಟ್ಟುಬಿದ್ದರೆ ಬಾಯಲ್ಲಿ ಕೆಲಸ ಮಾಡಲು ಏನೂ ಉಳಿಯುವುದಿಲ್ಲ.

ಕಾರ್ಬೋಮರ್ ಮತ್ತು ಆಲ್ಜಿನೇಟ್ ಅಂಟುಗಳನ್ನು ಸತುವಿನ ಪೇಸ್ಟಿಗೆ ತರಲೇಬೇಡಿ. ಮೊದಲನೆಯದು ಕುಸಿಯುತ್ತದೆ, ಎರಡನೆಯದು ರಬ್ಬರಿನಂತೆ ಹೆಪ್ಪುಗಟ್ಟುತ್ತದೆ. ಈಗಾಗಲೇ ಕೆಟ್ಟ ಮಾಲಿಗೆ ನೀರು ಬೆರೆಸಿ ಮತ್ತೆ ತುಂಬುವ ಯೋಚನೆಯೂ ಬೇಡ. ಮುದುಡಿದ ಅಂಟು ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ಸಂರಕ್ಷಕದ ಪ್ರಮಾಣವೂ ತೆಳುವಾಗುತ್ತದೆ.

ಪ್ರಶ್ನೆ: ಜಿಂಕ್ ಸಿಟ್ರೇಟ್ ಪೇಸ್ಟಿನ ಪೂರ್ಣ ಸೂತ್ರ, ಬೆರೆಸುವ ಕ್ರಮ ತಿಳಿಸಿ. ಕರಗಿರುವ ಸತು ಎಷ್ಟೆಂದು ಕಾಲೇಜಿನ ಪ್ರಯೋಗಾಲಯದಲ್ಲೇ ಅಳೆಯಬಹುದೇ?
(ಫಾರ್ಮಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: 10 ಕೆ.ಜಿ.ಗೆ ಲೆಕ್ಕ ಕೊಡುತ್ತೇವೆ. ಶೇ. 70ರ ಸಾರ್ಬಿಟಾಲ್ ದ್ರಾವಣ 4 ಕೆ.ಜಿ. (ಹರಳುಗಟ್ಟದ ಬಗೆಯೇ ಆಗಬೇಕು), ಗ್ಲಿಸರಿನ್ 800 ಗ್ರಾಂ, ಪಿಇಜಿ-400 (ಪಾಲಿಈಥೈಲೀನ್ ಗ್ಲೈಕಾಲ್ ಎಂಬ ದ್ರವ) 200 ಗ್ರಾಂ, ಖನಿಜ ತೆಗೆದ ನೀರು 2,258 ಗ್ರಾಂ. ಸಿಎಂಸಿ 60, ಕ್ಸಾಂಥನ್ 40, ಸೋಡಿಯಂ ಸ್ಯಾಕರಿನ್ 25, ಸೋಡಿಯಂ ಫ್ಲೋರೈಡ್ 22, ಟ್ರೈಸೋಡಿಯಂ ಸಿಟ್ರೇಟ್ 50, ಮೀಥೈಲ್ ಪ್ಯಾರಾಬೆನ್ 15 ಗ್ರಾಂ. ಉಜ್ಜುವ ಸಿಲಿಕಾ 1,400, ದಪ್ಪಗೊಳಿಸುವ ಸಿಲಿಕಾ 700, ಜಿಂಕ್ ಸಿಟ್ರೇಟ್ 100, ಟೈಟಾನಿಯಂ ಡೈಆಕ್ಸೈಡ್ 50, ಸೋಡಿಯಂ ಲಾರಿಲ್ ಸಲ್ಫೇಟ್ 180, ಸುವಾಸನೆಯ ತೈಲ 100 ಗ್ರಾಂ. ಸೋಡಿಯಂ ಫ್ಲೋರೈಡಿನಲ್ಲಿ ಫ್ಲೋರೈಡಿನ ಪಾಲು ಸುಮಾರು ಶೇ. 45. ಹಾಗಾಗಿ 22 ಗ್ರಾಂಗೆ ಸುಮಾರು 995 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಬರುತ್ತದೆ. ನಮ್ಮ ದೇಶದಲ್ಲಿ ಟೂತ್‌ಪೇಸ್ಟಿನ ಮಿತಿ 1,000 ಪಿಪಿಎಂ ಆದ್ದರಿಂದ ತೂಗುವಾಗ ಕೈ ಜಾರಬಾರದು.

ಕ್ರಮದಲ್ಲಿ ಒಂದೇ ಕಟ್ಟುನಿಟ್ಟು: ಅಂಟು ಪೂರ್ತಿ ನೀರು ಕುಡಿಯುವ ತನಕ ಸತು ಪಾತ್ರೆಗೆ ಬರಕೂಡದು. ಮೊದಲೇ ಬಂದರೆ ಅಂಟಿನ ಕಣಗಳ ಹೊರಮೈ ಬಿಗಿದುಕೊಂಡು ಒಳಗೆ ಒಣಪುಡಿ ಉಳಿಯುತ್ತದೆ. ಮೀನಿನ ಕಣ್ಣಿನಂಥ ಗಂಟುಗಳು ಕಾಣುವುದು ಆಗಲೇ. ಅವು ವಾರಗಟ್ಟಲೆ ನಿಧಾನವಾಗಿ ಉಬ್ಬುತ್ತಾ ಪೇಸ್ಟನ್ನು ತರಿತರಿ ಮಾಡುತ್ತವೆ.

ಗ್ಲಿಸರಿನ್‌ನ ಒಂದು ಪಾಲನ್ನು ಬಿಸಿ ಮಾಡಿ ಪ್ಯಾರಾಬೆನ್ ಕರಗಿಸಿ ಆರಿಸಿ. ಉಳಿದ ಗ್ಲಿಸರಿನ್, ಪಿಇಜಿಯನ್ನು ಅದಕ್ಕೆ ಸೇರಿಸಿ ಎರಡೂ ಅಂಟುಗಳನ್ನು ಕದಡಿ. ಅಲ್ಲಿ ಅಂಟು ಉಬ್ಬದೆ ಬಿಡಿಬಿಡಿಯಾಗಿ ತೇಲುತ್ತದೆ. ಬೇರೆ ಪಾತ್ರೆಯಲ್ಲಿ ಸ್ಯಾಕರಿನ್, ಫ್ಲೋರೈಡ್, ಸಿಟ್ರೇಟನ್ನು ನೀರಿನಲ್ಲಿ ಕರಗಿಸಿ ಸಾರ್ಬಿಟಾಲ್ ಬೆರೆಸಿ. ಅಂಟಿನ ಮಿಶ್ರಣವನ್ನು ಇದಕ್ಕೆ ಸುರಿದು 30ರಿಂದ 45 ನಿಮಿಷ ತಿರುಗಿಸಿ. ಸ್ವಲ್ಪ ತೆಗೆದು ಗಾಜಿನ ಮೇಲೆ ಸವರಿ ಬೆಳಕಿಗೆ ಹಿಡಿದಾಗ ಕಣ ಕಾಣದಿದ್ದರೆ ಅಂಟು ಪೂರ್ತಿ ನೀರು ಕುಡಿದಿದೆ ಎಂದರ್ಥ. ಉಜ್ಜುವ ಸಿಲಿಕಾದ ಕಾಲು ಭಾಗದೊಂದಿಗೆ ಜಿಂಕ್ ಸಿಟ್ರೇಟನ್ನೂ ಟೈಟಾನಿಯಂ ಡೈಆಕ್ಸೈಡನ್ನೂ ಒಣಗಿದಂತೆಯೇ ಬೆರೆಸಿಟ್ಟುಕೊಳ್ಳಿ. ಮೊದಲು ಉಳಿದ ಸಿಲಿಕಾಗಳು, ನಂತರ ಈ ಮಿಶ್ರಣ ಹಾಕಿ ವ್ಯಾಕ್ಯೂಮಿನಲ್ಲಿ 20 ನಿಮಿಷ ನಾದಬೇಕು. ಪುಡಿಯನ್ನು ಹೀಗೆ ಹರಡಿ ಹಾಕಿದರೆ ಸತು ಒಂದೇ ಕಡೆ ದಟ್ಟವಾಗಿ ಕರಗಿ ಅಲ್ಲಲ್ಲಿ ಗಂಟು ಕಟ್ಟುವುದು ತಪ್ಪುತ್ತದೆ. ಸುವಾಸನೆ, ಕಟ್ಟಕಡೆಗೆ ಲಾರಿಲ್ ಸಲ್ಫೇಟ್, ನಿಧಾನ ವೇಗದಲ್ಲಿ. ಇದನ್ನು ಬೇಗ ಹಾಕಿದರೆ ನೊರೆ ಸಿಕ್ಕಿಕೊಂಡು ಪೇಸ್ಟು ಸ್ಪಂಜಿನಂತಾಗುತ್ತದೆ. ಆ ಗಾಳಿ ತಿಂಗಳುಗಳಲ್ಲಿ ಹೊರಬಿದ್ದಾಗ ಟ್ಯೂಬು ಖಾಲಿ ಖಾಲಿ ಕಾಣುತ್ತದೆ. 35 ಡಿಗ್ರಿಗಿಂತ ಕೆಳಗೆ ತಂದು, ಒಂದು ರಾತ್ರಿ ಬಿಟ್ಟು ತುಂಬಿ.

ಪಿಎಚ್ ನೋಡಲು ಒಂದು ಪಾಲು ಪೇಸ್ಟನ್ನು ಮೂರು ಪಾಲು ನೀರಿನಲ್ಲಿ ಕದಡಿ ಅಳೆಯಿರಿ. 6.3ರಿಂದ 6.8 ಒಳ್ಳೆಯ ಜಾಗ. 7 ದಾಟಿದಂತೆ ಕರಗಿದ ಸತು ಹೈಡ್ರಾಕ್ಸೈಡಾಗಿ ಕೂರತೊಡಗುತ್ತದೆ, ಸಿಲಿಕಾದ ಮೇಲ್ಮೈಯೂ ಹೆಚ್ಚು ಸತುವನ್ನು ಹೀರುತ್ತದೆ. 5.5ಕ್ಕಿಂತ ಕೆಳಗೆ ಹೋಗುವುದು ಹಲ್ಲಿನ ಮೇಲ್ಪದರಕ್ಕೆ ಹಿತವಲ್ಲ, ಒಗರೂ ಹೆಚ್ಚುತ್ತದೆ.

ಕರಗಿರುವ ಸತುವಿನ ಅಳತೆ ಕಾಲೇಜಿನಲ್ಲೇ ಆಗುತ್ತದೆ. ಪೇಸ್ಟನ್ನು ಮೂರು ಪಾಲು ನೀರಿನಲ್ಲಿ ಕದಡಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ತೆಗೆದು, ಹೆಕ್ಸಮಿನ್ ಬಫರ್ ಹಾಕಿ ಪಿಎಚ್ 5-6ರಲ್ಲಿಟ್ಟು, ಕ್ಸೈಲೆನಾಲ್ ಆರೆಂಜ್ ಸೂಚಕದೊಂದಿಗೆ 0.01 ಮೋಲಾರ್ ಇಡಿಟಿಎ (ಸತುವನ್ನು ಬಿಗಿಯಾಗಿ ಹಿಡಿಯುವ ರಾಸಾಯನಿಕ) ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡಿ. ಕೆನ್ನೇರಳೆ ಹೋಗಿ ನಿಂಬೆ ಹಳದಿ ಬರುವುದೇ ಕೊನೆಯ ಬಿಂದು. ಇಡಿಟಿಎಯ ಪ್ರತಿ ಮಿಲಿಲೀಟರಿಗೆ 0.654 ಮಿಲಿಗ್ರಾಂ ಸತು. ನೀರು ಬೆರೆಸಿದಾಗ ಪುಡಿಯಿಂದ ಒಂದಷ್ಟು ಹೆಚ್ಚುವರಿಯಾಗಿ ಕರಗುವುದರಿಂದ, ಕದಡುವ ಸಮಯವನ್ನು ಪ್ರತಿ ಸಲವೂ ಒಂದೇ ಇಟ್ಟುಕೊಂಡು ಅಂಕಿಗಳನ್ನು ಹೋಲಿಕೆಗೆ ಮಾತ್ರ ಬಳಸಿ. ವಾರದಿಂದ ವಾರಕ್ಕೆ ಈ ಅಂಕಿ ಇಳಿಯುತ್ತಾ ಸ್ನಿಗ್ಧತೆ ಏರುತ್ತಿದ್ದರೆ ಸತು ಎಲ್ಲಿಗೋ ಕಟ್ಟಿಕೊಳ್ಳುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸೂಚನೆ ಇಲ್ಲ. ಸಿಲಿಕಾ ಆರಿಸಲೂ ಇದೇ ಉಪಾಯ: ಗೊತ್ತಿರುವ ಪ್ರಮಾಣದ ಸತುವಿನ ದ್ರಾವಣದಲ್ಲಿ ಸಿಲಿಕಾ ಕಲಕಿ 24 ಗಂಟೆ ಬಿಟ್ಟು ಉಳಿದದ್ದನ್ನು ಅಳೆಯಿರಿ. ಎರಡು ಕಂಪನಿಗಳ ಸಿಲಿಕಾ ನೋಡಲು ಒಂದೇ ಥರ ಇದ್ದರೂ ಇಲ್ಲಿ ಬಣ್ಣ ಬಯಲಾಗುತ್ತದೆ.

ಪ್ರಶ್ನೆ: ಲವಂಗದ ಎಣ್ಣೆ, ಕಾಚು, ಜಾಲಿ ತೊಗಟೆಯ ಕಷಾಯ ಸೇರಿಸಿದ ಗಿಡಮೂಲಿಕೆ ಪೇಸ್ಟಿಗೆ ಜಿಂಕ್ ಆಕ್ಸೈಡ್ ಶೇ. 2 ಹಾಕಿದೆವು. ಎರಡೇ ವಾರದಲ್ಲಿ ಕೆಲವು ಟ್ಯೂಬುಗಳು ಕಲ್ಲಾದವು.
(ಗೃಹೋದ್ಯಮದ ಮಹಿಳೆಯರು, ಶಿವಮೊಗ್ಗ)

ಉತ್ತರ: ನಿಮಗೆ ಗೊತ್ತಿಲ್ಲದೆ ದಂತವೈದ್ಯರ ಸಿಮೆಂಟ್ ತಯಾರಾಗಿದೆ! ಜಿಂಕ್ ಆಕ್ಸೈಡ್ ಪುಡಿಗೆ ಯೂಜಿನಾಲ್ ಬೆರೆಸಿ ತಾತ್ಕಾಲಿಕವಾಗಿ ಹಲ್ಲು ತುಂಬುವುದು ದಂತವೈದ್ಯಕೀಯದಲ್ಲಿ ಬಹಳ ಹಳೆಯ ಪದ್ಧತಿ. ಲವಂಗದೆಣ್ಣೆಯ ಮುಖ್ಯ ಅಂಶವೇ ಯೂಜಿನಾಲ್. ಎರಡೂ ಸೇರಿ ಜಿಂಕ್ ಯೂಜಿನೋಲೇಟ್ ಆಗಿ ಗಟ್ಟಿಯಾಗುತ್ತದೆ, ನೀರಿನಂಶ ಅದನ್ನು ಚುರುಕುಗೊಳಿಸುತ್ತದೆ. ಪೇಸ್ಟಿನಲ್ಲಿ ಎಣ್ಣೆಯ ಪ್ರಮಾಣ ಕಡಿಮೆಯಿರುವುದರಿಂದ ನಿಮಿಷಗಳ ಬದಲು ವಾರಗಳು ಹಿಡಿದವು. ಕೆಲವೇ ಟ್ಯೂಬು ಕಲ್ಲಾದದ್ದನ್ನು ನೋಡಿದರೆ ಎಣ್ಣೆ ಎಲ್ಲ ಕಡೆ ಸಮನಾಗಿ ಬೆರೆತಿಲ್ಲ ಎಂಬುದೂ ತಿಳಿಯುತ್ತದೆ. ದಾಲ್ಚಿನ್ನಿ ಎಲೆಯ ಎಣ್ಣೆ, ತುಳಸಿ ಎಣ್ಣೆಯಲ್ಲೂ ಯೂಜಿನಾಲ್ ಇರುತ್ತದೆ, ಮರೆಯಬೇಡಿ.

ಕಾಚು, ಜಾಲಿ, ಅಳಲೆಕಾಯಿ ಇವುಗಳಲ್ಲಿ ಟ್ಯಾನಿನ್ ಹೇರಳ. ಟ್ಯಾನಿನ್ ಮತ್ತು ಸತು ಕೂಡಿ ಕರಗದ ಗಸಿಯಾಗುತ್ತದೆ. ಇತ್ತ ಟ್ಯಾನಿನ್ನೂ ಹೋಯಿತು, ಅತ್ತ ಸತುವೂ ಹೋಯಿತು, ಉಳಿಯುವುದು ತರಿ. ನಮ್ಮ ಸಲಹೆ ನೇರ: ಒಗರಿನ ಗಿಡಮೂಲಿಕೆಯ ಪೇಸ್ಟು ಬೇರೆ, ಸತುವಿನ ಪೇಸ್ಟು ಬೇರೆ ಮಾಡಿ. ಲವಂಗದ ಬದಲು ಪುದೀನ ಎಣ್ಣೆ, ಮೆಂಥಾಲ್, ಸೋಂಪಿನ ಎಣ್ಣೆ ಸತುವಿನೊಂದಿಗೆ ಹೊಂದಿಕೊಳ್ಳುತ್ತವೆ. ನೊರೆಗೆ ಸಾಬೂನು ಬಳಸುತ್ತಿದ್ದರೆ ಅದನ್ನೂ ಬಿಡಿ, ಸತುವಿನೊಂದಿಗೆ ಸೇರಿ ಕರಗದ ಜಿಂಕ್ ಸಾಬೂನಾಗಿ ನೊರೆಯೇ ಏಳುವುದಿಲ್ಲ.

ಪ್ರಶ್ನೆ: ಸುಣ್ಣದಕಲ್ಲಿನ ಪುಡಿ ಆಧಾರದ ಅಗ್ಗದ ಪೇಸ್ಟಿಗೆ ಜಿಂಕ್ ಕ್ಲೋರೈಡ್ ಹಾಕಿದೆವು. ಟ್ಯೂಬುಗಳು ಉಬ್ಬುತ್ತಿವೆ. ಹುದುಗಿದೆಯೇ?
(ಬೆಳಗಾವಿ)

ಉತ್ತರ: ಹುದುಗಿದ ಲಕ್ಷಣವಲ್ಲ. ಜಿಂಕ್ ಕ್ಲೋರೈಡಿನ ದ್ರಾವಣ ಆಮ್ಲೀಯ, ಸುಣ್ಣದಕಲ್ಲು ಕ್ಯಾಲ್ಸಿಯಂ ಕಾರ್ಬೋನೇಟ್. ಇವೆರಡೂ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಹೊರಟು ಟ್ಯೂಬು ಉಬ್ಬುತ್ತದೆ, ಸತು ಕರಗದ ಕಾರ್ಬೋನೇಟಾಗಿ ಕೂರುತ್ತದೆ. ಹುದುಗಿದ್ದರೆ ಹುಳಿ ವಾಸನೆ ಬರುತ್ತಿತ್ತು. ಬರಿಯ ಅಲ್ಯೂಮಿನಿಯಂ ಟ್ಯೂಬಾದರೆ ಕ್ಲೋರೈಡು ಅದನ್ನೂ ಕೊರೆಯುತ್ತದೆ. ಸುಣ್ಣದಕಲ್ಲಿನ ಪೇಸ್ಟಿನ ಪಿಎಚ್ 9ರ ಆಸುಪಾಸು, ಅಲ್ಲಿ ಕರಗಿದ ಸತುವನ್ನು ಉಳಿಸಿಕೊಳ್ಳುವುದು ಆಗದ ಮಾತು. ಸತು ಬೇಕೇ ಬೇಕೆಂದರೆ ಸಿಲಿಕಾಗೆ ಬನ್ನಿ. ಡೈಕ್ಯಾಲ್ಸಿಯಂ ಫಾಸ್ಫೇಟ್, ಪೈರೋಫಾಸ್ಫೇಟ್ ಇರುವ ಪೇಸ್ಟಿಗೂ ಇದೇ ಮಾತು: ಅಲ್ಲಿ ಸತು ಫಾಸ್ಫೇಟಾಗಿ ಕೂರುತ್ತದೆ.

ಪ್ರಶ್ನೆ: ನಮ್ಮದು ಎಲ್ಲರಿಗಿಂತ ಉಲ್ಟಾ. ಸತುವಿನ ಪೇಸ್ಟು ಬೇಸಿಗೆಯಲ್ಲಿ ತೆಳುವಾಗಿ ಬ್ರಷ್ಷಿನ ಎಳೆಗಳೊಳಗೆ ಇಳಿದುಹೋಗುತ್ತಿದೆ.
(ವಿತರಕರು, ಕಲಬುರಗಿ)

ಉತ್ತರ: ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಗೋದಾಮಿನೊಳಗೆ 45 ಡಿಗ್ರಿ ದಾಟುವುದು ಅಪರೂಪವಲ್ಲ. ತಣ್ಣಗಾದ ಮೇಲೆ ಹದ ಮರಳಿದರೆ ಬರೀ ಬಿಸಿಯ ಪರಿಣಾಮ, ದಪ್ಪಗೊಳಿಸುವ ಸಿಲಿಕಾ ಶೇ. 1 ಹೆಚ್ಚಿಸುವಂತೆ ತಯಾರಕರಿಗೆ ಹೇಳಿ. ಮರಳದಿದ್ದರೆ ಅಂಟು ತುಂಡಾಗಿದೆ. ಹೆಚ್ಚಿನ ಸಲ ಕಾರಣ ಸೆಲ್ಯುಲೇಸ್ ಎಂಬ ಕಿಣ್ವ. ಸಿಎಂಸಿ ಚೀಲಕ್ಕೋ ಸಾರ್ಬಿಟಾಲ್ ಟ್ಯಾಂಕಿಗೋ ಬೂಷ್ಟು ಬಂದಿದ್ದರೆ ಬೂಷ್ಟು ಸತ್ತ ಮೇಲೂ ಅದರ ಕಿಣ್ವ ಉಳಿದು ಎಳೆಗಳನ್ನು ಕತ್ತರಿಸುತ್ತಲೇ ಇರುತ್ತದೆ. ಸಂರಕ್ಷಕ ಕಿಣ್ವವನ್ನು ತಡೆಯುವುದಿಲ್ಲ. ಪರೀಕ್ಷೆ ಸುಲಭ: ಶುದ್ಧ ನೀರಿನಲ್ಲಿ ಶೇ. 1ರ ಸಿಎಂಸಿ ದ್ರಾವಣ ಮಾಡಿ ಎರಡು ಪಾಲು ಮಾಡಿ. ಒಂದಕ್ಕೆ ಅನುಮಾನವಿರುವ ಸಾರ್ಬಿಟಾಲನ್ನೂ ಇನ್ನೊಂದಕ್ಕೆ ಅದೇ ಸಾರ್ಬಿಟಾಲನ್ನು ಕುದಿಸಿ ಆರಿಸಿ ಅಷ್ಟೇ ಪ್ರಮಾಣದಲ್ಲಿಯೂ ಸೇರಿಸಿ, 40 ಡಿಗ್ರಿಯಲ್ಲಿ ಎರಡು ದಿನ ಇಡಿ. ಕುದಿಸದ ಪಾಲು ಮಾತ್ರ ತೆಳುವಾದರೆ ಕಿಣ್ವ ಸಿಕ್ಕಿಬಿತ್ತು. ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸನ್ನೂ ಈ ಕಿಣ್ವ ಬಿಡುವುದಿಲ್ಲ. ಟ್ಯಾಂಕು ತೊಳೆದು, ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವ ನೀರನ್ನು ತಡೆಯುವುದೇ ನಿಜವಾದ ಮದ್ದು.

ಪ್ರಶ್ನೆ: ಔಷಧ ಅಂಗಡಿಯಲ್ಲಿ ಸಿಗುವ ಜಿಂಕ್ ಪುಡಿಯನ್ನು ಮನೆಯಲ್ಲೇ ಪೇಸ್ಟಿಗೆ ಬೆರೆಸಿಕೊಳ್ಳಬಹುದೇ? ಎಷ್ಟು ಸತು ಸುರಕ್ಷಿತ?
(ಗೃಹಿಣಿ, ಉಡುಪಿ)

ಉತ್ತರ: ಬೇಡ. ಚರ್ಮಕ್ಕೆಂದು ಮಾರುವ ಪುಡಿ ಬಾಯಿಗಲ್ಲ. ಕೊಂಡ ಪೇಸ್ಟಿಗೆ ಮೇಲಿಂದ ಪುಡಿ ಬೆರೆಸಿದರೆ ಅದರ ಹದ ಕೆಡುವುದಷ್ಟೇ ಅಲ್ಲ, ಫಾಸ್ಫೇಟ್ ಇರುವ ಪೇಸ್ಟಾದರೆ ಸತು ಕೆಲಸಕ್ಕೆ ಬಾರದ ಗಸಿಯಾಗುತ್ತದೆ. ಲೇಬಲ್ಲಿನಲ್ಲಿ ಜಿಂಕ್ ಸಿಟ್ರೇಟ್ ಎಂದಿರುವ ಪೇಸ್ಟನ್ನೇ ಕೊಳ್ಳಿ. ಪ್ರಮಾಣದ ವಿಷಯಕ್ಕೆ ಬಂದರೆ, ಯುರೋಪಿನ ಸೌಂದರ್ಯವರ್ಧಕ ನಿಯಮ ನೀರಿನಲ್ಲಿ ಕರಗುವ ಸತುವಿನ ಲವಣಗಳನ್ನು, ಸತುವಿನ ಲೆಕ್ಕದಲ್ಲಿ, ಶೇ. 1ಕ್ಕೆ ಮಿತಿಗೊಳಿಸಿದೆ. ಈ ಲೆಕ್ಕ ಲವಣದ್ದಲ್ಲ, ಸತುವಿನದು ಎಂಬುದನ್ನು ತಯಾರಕರೂ ಗಮನಿಸಬೇಕು. ಜಿಂಕ್ ಸಿಟ್ರೇಟಿನಲ್ಲಿ ಸತು ಸುಮಾರು ಶೇ. 31, ಜಿಂಕ್ ಕ್ಲೋರೈಡಿನಲ್ಲಿ 48, ಜಿಂಕ್ ಆಕ್ಸೈಡಿನಲ್ಲಿ 80. ಮೇಲೆ ಧಾರವಾಡದವರಿಗೆ ಕೊಟ್ಟ ಸೂತ್ರದಲ್ಲಿ ಸತು ಶೇ. 0.31 ಮಾತ್ರ. ಉಗುಳಲು ಬಾರದ ಪುಟ್ಟ ಮಕ್ಕಳಿಗೆ ದೊಡ್ಡವರ ಸತುವಿನ ಪೇಸ್ಟು ಕೊಡಬೇಡಿ. ಹಲ್ಲುಜ್ಜಿ, ನಾಲಿಗೆ ಕೆರೆದರೂ ಎರಡು ವಾರದೊಳಗೆ ಬಾಯಿವಾಸನೆ ತಗ್ಗದಿದ್ದರೆ ಪೇಸ್ಟು ಬದಲಿಸುತ್ತಾ ಕೂರದೆ ದಂತವೈದ್ಯರಿಗೆ ವಸಡು ತೋರಿಸಿ.